ಬಿಸಿಲಿನ ಸೌಡಿ

ಗುತ್ತಲು, ಮಂಡ್ಯ
೧೨ ನವೆಂಬರ್ ೨೦೨೩

ಪ್ರೀತಿಯ ಜಾಕಿಯಾ,

ನಿನಗೆ ಹೊಟ್ಟೆ ಉರಿಯಲಿ ಎಂದೇ ಈ ಕಾಗದ ಬರೆಯುತ್ತಿದ್ದೇನೆ. ವಿ.ಸಿ. ಫಾರಂನ ಕ್ವಾರ್ಟರ್ಸಿನಲ್ಲಿ ಅರ್ಧ ಆಯಸ್ಸು ಸವೆಸಿದ ಮೇಲೆ ಕೊನೆಗೂ ಗುತ್ತಲಿನಲ್ಲಿ ನಮ್ಮದೇ ಮನೆ ಆಯಿತು. ಗೃಹಪ್ರವೇಶ ಮುಗಿದು ವಾರವಾಯಿತು. ಬಾಗಿಲಿಗೆ ತೇಗ, ಅಡುಗೆಮನೆಗೆ ಕರಿಕಲ್ಲು, ಮೇಲೆ ಸಂಡಿಗೆ ಹರವಲು ದೊಡ್ಡ ತಾರಸಿ. ಭಾರತೀನಗರದ ಸಾಲುಮನೆಯಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇತ್ತಲ್ಲ, ಅಲ್ಲಿಂದ ಇಲ್ಲಿಗೆ ಬರಲು ನನಗೆ ಐವತ್ತೆಂಟು ವರ್ಷ ಬೇಕಾಯಿತು ನೋಡು.

ನಿಮ್ಮ ಮನೆಗೆ ನಮಗಿಂತ ಮೊದಲು ಟ್ಯೂಬ್‌ಲೈಟ್ ಬಂದಾಗ ನೀನು ಬಾಗಿಲು ತೆರೆದಿಟ್ಟುಕೊಂಡು ಅದರ ಕೆಳಗೆ ಪುಸ್ತಕ ಹಿಡಿದು ಕೂತಿದ್ದೆ. ಓದಲಿಕ್ಕಲ್ಲ, ನನಗೆ ಕಾಣಿಸಲಿ ಎಂದು. ಅದನ್ನು ನಾನು ಮರೆತಿಲ್ಲ. ಈಗ ಕೇಳು. ನಮ್ಮ ಕರೆಂಟು ಬಿಲ್ಲು ಸೊನ್ನೆ. ಇನ್ನೂರು ಯೂನಿಟ್ಟಿನೊಳಗೆ ಉರಿಸಿದರೆ ಸರ್ಕಾರವೇ ಕಟ್ಟುತ್ತದೆ. ನಮ್ಮತ್ತೆ ಪುಟ್ಟಮಾದಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ, "ಬರಿಯವ್ವ ನಿನ್ ಗೆಳತೀಗೆ, ನಮ್ಮನೇಲಿ ದೇವ್ರಿಗೂ ಫ್ಯಾನ್ ಆಕವ್ರೆ ಅಂತ."

ನಿಮ್ಮ ದೇಶದಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ, ಗೋಧಿಹಿಟ್ಟಿಗೂ ಸಾಲು ನಿಲ್ಲುತ್ತಾರೆ ಎಂದು ಟೀವಿಯಲ್ಲಿ ದಿನಾ ತೋರಿಸುತ್ತಾರೆ. ಪಾಪ ಅನ್ನಿಸುತ್ತದೆ. ಸ್ವಲ್ಪ ಖುಷಿಯೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಮೊನ್ನೆ ಮದ್ದೂರಿನಲ್ಲಿ ನಿನ್ನ ತಮ್ಮ ನಯಾಜ್ ಪಾಷಾ ಸಿಕ್ಕಿದ್ದ. "ಅಕ್ಕಂಗೆ ಕಾಗ್ದ ಬರದ್ರೆ ನನ್ದೂ ಒಂದ್ ಸಲಾಂ ಬರೀರಿ" ಎಂದ. ಬರೆದಿದ್ದೇನೆ. ಮುನೀರಣ್ಣ ಹೇಗಿದ್ದಾರೆ?

ನಿನ್ನ,
ವೀಣ


ಲಾಂಢಿ, ಕರಾಚಿ
೨೦ ಡಿಸೆಂಬರ್ ೨೦೨೩

ವೀಣಾ,

ಹೊಟ್ಟೆ ಉರಿಯಲಿಲ್ಲ ಕಣೆ, ತಣ್ಣಗಾಯಿತು. ಕರಿಕಲ್ಲಿನ ಅಡುಗೆಮನೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೀನು ಎಲ್ಲರನ್ನೂ ಗದರುತ್ತಿರುವುದು ಕಣ್ಣಿಗೆ ಕಟ್ಟಿತು. ಆ ಮನೆಯಲ್ಲಿ ನೂರು ವರ್ಷ ಬಾಳು.

ಆದರೆ ಟೀವಿಯವರ ಮಾತು ಕಟ್ಟಿಕೊಂಡು ನಮ್ಮನ್ನು ಪಾಪ ಅನ್ನಬೇಡ. ಇಲ್ಲಿನ ಟೀವಿಯಲ್ಲಿ ನಿಮ್ಮನ್ನೂ ಹಾಗೇ ತೋರಿಸುತ್ತಾರೆ. ಲೋಡ್ ಶೆಡ್ಡಿಂಗ್ ಇದೆ, ಇಲ್ಲ ಎನ್ನುವುದಿಲ್ಲ. ಅದಕ್ಕೆ ಜನ ಕೈಕಟ್ಟಿ ಕೂತಿಲ್ಲ. ನೀನು ನಮ್ಮ ತಾರಸಿ ಹತ್ತಿ ನೋಡಬೇಕು. ಕಣ್ಣು ಹಾಯುವವರೆಗೂ ಮನೆಗಳ ಮೇಲೆ ನೀಲಿ ಸೋಲಾರ್ ಪ್ಯಾನೆಲ್. ಯಾವ ಸರ್ಕಾರವೂ ಕೊಟ್ಟದ್ದಲ್ಲ. ಮಗಳ ಮದುವೆಗೆ ಮಂಚ ಕೊಡುತ್ತಿದ್ದವರು ಈಗ ಪ್ಯಾನೆಲ್ ಕೊಡುತ್ತಾರೆ. ನಾನೂ ಹತ್ತು ಹಾಕಿಸಿದ್ದೇನೆ. ನಮ್ಮ ಗಲ್ಲಿಯಲ್ಲಿ ಇಷ್ಟು ಯಾರ ಮನೆಯ ಮೇಲೂ ಇಲ್ಲ. ನಿಮ್ಮದು ಸರ್ಕಾರ ಕೊಟ್ಟ ಕರೆಂಟು, ನಮ್ಮದು ನಾವೇ ಹಿಡಿದ ಬಿಸಿಲು. ಈಗ ಹೇಳು, ಯಾರು ಮುಂದೆ?

ಫೋನ್ ಮಾಡಬಾರದಾ ಎಂದು ಹಿಂದೊಮ್ಮೆ ಕೇಳಿದ್ದೆ. ಗಡಿಯಾಚೆಗೆ ಫೋನು ಎಂದರೆ ದೂರದೂರಿನಲ್ಲಿರುವ ನನ್ನ ಮಗನಿಗೆ ಭಯ. ನನಗೂ ಬೇಡ. ಈ ಊರಿನಲ್ಲಿ ಕನ್ನಡ ಬರೆಯಲು ನನಗೆ ನೀನೊಬ್ಬಳೇ ನೆಪ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಬೈಯಲು ಹೊರಟರೆ ಬಾಯಿಗೆ ಕನ್ನಡವೇ ಬರುತ್ತದೆ. ಯಾರಿಗೂ ಅರ್ಥವಾಗುವುದಿಲ್ಲ, ಅದೂ ಒಂದು ಅನುಕೂಲ.

ಇವರು ಆರಾಮ. ಬಟ್ಟೆ ಮಿಲ್ಲಿನ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ.

ಜಾಕಿಯಾ


ಗುತ್ತಲು, ಮಂಡ್ಯ
೧೮ ಜನವರಿ ೨೦೨೪

ಜಾಕಿಯಾ,

ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನೆನಪಿನಲ್ಲೇ ತಿಂದು ಒಳ್ಳೆಯ ಮಾತಾಡು. ನಾನಂತೂ ಆಡುವುದಿಲ್ಲ.

ಇಬ್ಬರೇ ಇರುವ ಮನೆಗೆ ಹತ್ತು ಪ್ಯಾನೆಲ್ ಯಾಕೆ ಕಣೆ? ಇವರ ಹತ್ತಿರ ಕೇಳಿದೆ. ನಮ್ಮ ಯಜಮಾನರಿಗೆ ಲೆಕ್ಕ ಬರುತ್ತದೆ. "ಅಷ್ಟ್ರಲ್ಲಿ ಪಂಪ್‌ಸೆಟ್ಟೇ ಓಡ್ಸಬೌದು ಕಣೆ, ಅವ್ರೇನು ಕರಾಚೀಲಿ ಬತ್ತ ನಾಟಿ ಮಾಡವ್ರಾ?" ಎಂದು ನಕ್ಕರು. ಕೋಣೆಗೊಂದು ಎಸಿ ಹಾಕಿಸಿಕೊಂಡಿದ್ದೀಯ, ನನಗೆ ಗೊತ್ತು. ಅರವತ್ತೈದಾದರೂ ದುಡಿಯುತ್ತೇನೆ ಎನ್ನುತ್ತಿದ್ದ ಮುನೀರಣ್ಣ ಈಗಲೇ ಮಿಲ್ಲು ಬಿಟ್ಟು ಎಸಿಯ ಕೆಳಗೆ ಕಾಲು ಚಾಚಿದರಾ? ಅಲ್ಲಿಗೆ ನೀವು ಬಡವರಲ್ಲ, ಸೋಮಾರಿಗಳು ಅಂತಾಯಿತು. ಹತ್ತು ಪ್ಯಾನೆಲ್ಲನ್ನೂ ಆ ಟ್ಯೂಬ್‌ಲೈಟಿನ ಹಾಗೆ ಊರಿಗೆ ಕಾಣಿಸಲೆಂದೇ ಹಾಕಿಸಿದ್ದೀಯ.

ಕೋಪ ಬಂದರೆ ಬರಲಿ. ಕೋಪ ಬಂದಾಗ ನಿನ್ನ ಅಕ್ಷರ ದುಂಡಗಿರುತ್ತದೆ.

ವೀಣ


ಲಾಂಢಿ, ಕರಾಚಿ
೨೫ ಫೆಬ್ರವರಿ ೨೦೨೪

ವೀಣಾ,

ನಿನ್ನ ಕಾಗದ ಓದಿ ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ. ನಿನಗೆ ಗೊತ್ತಿಲ್ಲದ್ದಕ್ಕೆ ನಿನ್ನ ಮೇಲೆ ಸಿಟ್ಟು ಮಾಡಿ ಏನು ಫಲ, ಹೇಳದೆ ಮುಚ್ಚಿಟ್ಟವಳು ನಾನೇ.

ಇವರ ಶ್ವಾಸಕೋಶ ಹಾಳಾಗಿದೆ. ಮೂವತ್ತು ವರ್ಷ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದದ್ದಕ್ಕೆ ಸಂಬಳದ ಜೊತೆ ಸಿಕ್ಕಿದ್ದು ಅದು. ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮೆಷಿನ್ ಒಂದು ಮಂಚದ ಪಕ್ಕದಲ್ಲಿದೆ. ಅದರ ನಳಿಗೆ ಸದಾ ಮೂಗಿಗೆ. ಮೆಷಿನ್ ನಿಂತರೆ ಸ್ವಲ್ಪ ಹೊತ್ತಿಗೆ ಇವರ ತುಟಿ ನೀಲಿಯಾಗುತ್ತದೆ. ಮೆಷಿನ್ ಓಡಲು ಕರೆಂಟು ಬೇಕು. ನಮ್ಮ ಗಲ್ಲಿಯಲ್ಲಿ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ಹತ್ತು ಪ್ಯಾನೆಲ್ ಯಾಕೆ ಎಂದು ಈಗ ಗೊತ್ತಾಯಿತಲ್ಲ. ಎಸಿ ಇಲ್ಲ.

ಅದೂ ಸಾಲುತ್ತಿಲ್ಲ ಕಣೆ. ಮಧ್ಯಾಹ್ನ ಬಿಸಿಲು ಬೇಕಾದಷ್ಟು. ಬ್ಯಾಟರಿ ತುಂಬಿ, ಆಮೇಲೆ ಬರುವ ಕರೆಂಟು ದಂಡವಾಗಿ ಹೋಗುತ್ತದೆ. ಸಂಜೆಯಾದರೆ ಬ್ಯಾಟರಿ ಇಳಿಯುತ್ತಾ ಬರುತ್ತದೆ, ನನ್ನ ಜೀವವೂ ಅದರ ಜೊತೆಗೇ ಇಳಿಯುತ್ತದೆ.

ಮೊದಲೇ ಯಾಕೆ ಬರೆಯಲಿಲ್ಲ? ನಿಮ್ಮ ದೇಶದಲ್ಲಿ ಕರೆಂಟಿಲ್ಲ ಎಂದು ನೀನು ಬರೆದಾಗ, ಹೌದು ಕಣೆ, ಅದಿಲ್ಲದೆ ನನ್ನ ಗಂಡ ಉಸಿರಿಗೆ ಒದ್ದಾಡುತ್ತಿದ್ದಾನೆ ಎಂದು ಹೇಗೆ ಬರೆಯಲಿ? ಗೋಡೆಯಾಚೆಯವಳ ಮುಂದೆ ಸೋಲಲು ನನಗೆ ಮೊದಲಿನಿಂದಲೂ ಬರುವುದಿಲ್ಲ.

ಜಾಕಿಯಾ


ಗುತ್ತಲು, ಮಂಡ್ಯ
೨೨ ಮಾರ್ಚ್ ೨೦೨೪

ಜಾಕಿಯಾ,

ನನ್ನ ನಾಲಿಗೆಗೆ ಬರೆ ಹಾಕಬೇಕು. ಕಾಗದವನ್ನು ಇವರ ಕೈಗೂ ಕೊಟ್ಟೆ. ಓದಿ, ಎದ್ದು ಹೋಗಿ ಅಂಗಳದಲ್ಲಿ ನಿಂತರು. ನಮ್ಮತ್ತೆ ಮಾತ್ರ, "ಆ ಯಮ್ಮ ಗಟ್ಟಿಗಿತ್ತಿ ಕಣ್ ಬುಡು, ಸೂರ್ಯನ್ನೇ ಇಡ್ಕಂಡು ಗಂಡುನ್ನ ಉಳಿಸ್ಕತಾವ್ಳೆ" ಎಂದರು. ಅತ್ತೆ ಯಾರನ್ನೂ ಹೊಗಳುವವರಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ನನಗೊಂದು ಒಳ್ಳೆಯ ಮಾತು ಸಿಕ್ಕಿಲ್ಲ, ನಿನಗೆ ಸಿಕ್ಕಿತು.

ಮಧ್ಯಾಹ್ನದ ಕರೆಂಟು ದಂಡವಾಗುತ್ತದೆ ಎಂದು ಬರೆದಿದ್ದೀಯಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮಪ್ಪ ಸೌಡಿ ಆಗಿದ್ದದ್ದು ನಿನಗೆ ನೆನಪಿರಬೇಕು. ಗುದ್ದಲಿ ಹೆಗಲಿಗೆ ಹಾಕಿಕೊಂಡು ನಾಲೆಯುದ್ದಕ್ಕೂ ತಿರುಗುತ್ತಾ, ಯಾರ ಗದ್ದೆಗೆ ಯಾವಾಗ ನೀರು ಎಂದು ತೂಬು ತೆರೆದು ಮುಚ್ಚುತ್ತಿದ್ದ. ನೀರು ಹಳ್ಳಕ್ಕೆ ಹರಿದು ದಂಡವಾದರೆ ಸೌಡಿಗೆ ಪಾಪ ಸುತ್ತಿಕೊಳ್ಳುತ್ತದೆ ಎನ್ನುತ್ತಿದ್ದ. ನಿನ್ನ ಗದ್ದೆ ತುಂಬಿದ ಮೇಲೆ ಪಕ್ಕದವನಿಗೆ ಬಿಡು, ನಿನಗೆ ಬೇಕಾದಾಗ ಅವನ ಸರದಿಯಲ್ಲಿ ಕೇಳಿ ಪಡೆ. ನಾಲೆಯ ಕೊನೆಯವನಿಗೆ ಮೊದಲು ಬಿಡು. ಸೌಡಿಯ ಗದ್ದೆಗೆ ಎಲ್ಲರದೂ ಆದ ಮೇಲೆ. ಹಾಗಿದ್ದರೆ ಮಾತ್ರ ಜನ ಸೌಡಿಯ ಮಾತು ಕೇಳುತ್ತಾರೆ.

ನೀನು ನಿನ್ನ ಗಲ್ಲಿಗೆ ಸೌಡಿ ಆಗು. ಮಧ್ಯಾಹ್ನ ಮಿಕ್ಕದ್ದನ್ನು ತಂತಿ ಎಳೆದು ನೆರೆಯವರ ಬ್ಯಾಟರಿಗೆ ಬಿಡು. ಕತ್ತಲಾದ ಮೇಲೆ ಅವರಿಂದ ಸರದಿಯಲ್ಲಿ ತೆಗೆದುಕೋ. ಬೇಡಬೇಡ, ಕೊಟ್ಟು ಪಡೆ. ಅದರಲ್ಲಿ ಸೋಲೇನಿಲ್ಲ.

ವೀಣ


ಲಾಂಢಿ, ಕರಾಚಿ
೨ ಮೇ ೨೦೨೪

ಸೌಡಿಯ ಮಗಳೇ,

ನಿನ್ನ ಅಪ್ಪನ ನಾಲೆ ಕರಾಚಿಗೆ ಬಂತು.

ಮೊದಲು ಕೆಳಮನೆಯ ಶಮೀಮಳ ಬ್ಯಾಟರಿಗೆ ಕೊಟ್ಟೆ. ಇದರಲ್ಲಿ ಏನೋ ಮತಲಬಿದೆ ಎಂದು ಅವಳು ವಾರವಿಡೀ ನನ್ನ ಮುಖ ನೋಡಿದಳು. ಮತಲಬು ಹೇಳಿದೆ. ಸಂಜೆ ತಾನೇ ತಂತಿ ಹಿಡಿದುಕೊಂಡು ಮೇಲೆ ಬಂದಳು. ಈಗ ಆರು ಮನೆ ಸೇರಿವೆ. ಗಲ್ಲಿಯ ಕೊನೆಯಲ್ಲಿ ಪಠಾಣರ ಸಂಸಾರವಿದೆ, ಬಾಡಿಗೆ ಮನೆ, ಪ್ಯಾನೆಲ್ ಹಾಕಲು ತಾರಸಿಯೇ ಇಲ್ಲ. ಅವರ ಸೊಸೆ ಗುಲ್‌ಮೀನಾ ಬಸುರಿ. ಕೊನೆಯವರಿಗೆ ಮೊದಲು ಎಂದು ಅವರ ಮನೆಗೇ ಮೊದಲು ಬಿಟ್ಟೆ. ನಮ್ಮ ಮನೆಯ ಸರದಿ ಎಲ್ಲರದೂ ಆದ ಮೇಲೆ.

ನನ್ನ ಕೈಯಲ್ಲಿ ಗುದ್ದಲಿ ಇಲ್ಲ, ಲಟ್ಟಣಿಗೆ ಇದೆ. ಅದರಲ್ಲಿ ಬಾಗಿಲು ಬಡಿದು "ನಿಮ್ಮ ಸರದಿ ಮುಗಿಯಿತು, ಇಸ್ತ್ರಿಪೆಟ್ಟಿಗೆ ತೆಗೆಯಿರಿ" ಎನ್ನುತ್ತೇನೆ. ನಾನು ಈ ಗಲ್ಲಿಯ ಸೌಡಿ ಎಂದು ಹೇಳಿಕೊಂಡದ್ದಕ್ಕೆ ಎಲ್ಲರೂ ಸೌಡಿ ಬೀ ಎಂದು ಕರೆಯುತ್ತಾರೆ. ಅದರ ಅರ್ಥ ಅವರಿಗೆ ಗೊತ್ತಿಲ್ಲ. ಯಾವುದೋ ದೊಡ್ಡ ಹುದ್ದೆ ಎಂದುಕೊಂಡಿದ್ದಾರೆ, ನಾನೂ ತಿದ್ದಿಲ್ಲ.

ಇವರು ಮೊನ್ನೆ ಎಷ್ಟೋ ತಿಂಗಳ ಮೇಲೆ ನಿದ್ದೆಯಲ್ಲಿ ಗೊರಕೆ ಹೊಡೆದರು. ನಾನು ಎದ್ದು ಕೂತು ಆ ಸದ್ದು ಕೇಳಿದೆ. ನಿನಗೆ ಹೇಗೆ ಹೇಳಲಿ.

ಬೇಗ ಬರೆ.

ಜಾಕಿಯಾ


ಲಾಂಢಿ, ಕರಾಚಿ
೮ ಆಗಸ್ಟ್ ೨೦೨೪

ವೀಣಾ,

ನಿನ್ನಿಂದ ಕಾಗದವಿಲ್ಲ. ಮೇ ತಿಂಗಳ ಕಾಗದ ತಲುಪಲಿಲ್ಲವೋ, ತಲುಪಿಯೂ ಬೇಡವೆನಿಸಿತೋ. ನನ್ನ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತದೆ. ಹೊಸ ಮನೆ, ಹೊಸ ನೆರೆ, ಇನ್ನು ಈ ದೇಶದವಳು ಯಾಕೆ ಎಂದು ಅಂದುಕೊಂಡೆಯಾ? ಹಾಗಿದ್ದರೆ ಎದುರಿಗೇ ಹೇಳು, ನಿನಗೆ ಅದು ಚೆನ್ನಾಗಿ ಬರುತ್ತದೆ.

ಜೂನ್ ಕೊನೆಯಲ್ಲಿ ಇಲ್ಲಿ ಜನ ರಸ್ತೆಯಲ್ಲಿ ಬಿದ್ದು ಸಾಯುವಷ್ಟು ಸೆಕೆ. ಅದರ ಮೇಲೆ ಮೋಡ. ಪ್ಯಾನೆಲ್ಲಿಗೆ ಬಿಸಿಲಿಲ್ಲ, ಮೈಗೆ ಗಾಳಿಯಿಲ್ಲ. ಒಂದು ಸಂಜೆ ಎಲ್ಲರ ಬ್ಯಾಟರಿಯೂ ತಳ ಕಂಡಿತ್ತು, ಶಮೀಮಳದರಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಸರದಿ ಕೊನೆಮನೆಯದು. ಗುಲ್‌ಮೀನಾಗೆ ಹೆರಿಗೆಯಾಗಿ ಒಂಬತ್ತು ದಿನ. ನಾನು ಅಲ್ಲಿಗೆ ಬಿಟ್ಟೆ. ಇತ್ತ ನಮ್ಮ ಮೆಷಿನ್ ನಿಂತಿತು.

ಇವರು ಕತ್ತು ಎತ್ತಿ ಎತ್ತಿ ಉಸಿರೆಳೆದರು. ನಾನು ತಂತಿ ತಿರುಗಿಸಲಿಲ್ಲ ವೀಣಾ. ಸೌಡಿ ತನ್ನ ಗದ್ದೆಗೆ ಕದ್ದು ನೀರು ಹಾಯಿಸಿಕೊಂಡರೆ ಆಮೇಲೆ ಯಾರು ಅವನ ಮಾತು ಕೇಳುತ್ತಾರೆ? ಅದನ್ನೇ ಜಪದ ಹಾಗೆ ಹೇಳಿಕೊಂಡು ಇವರ ಎದೆ ನೀವುತ್ತಾ ಕೂತೆ. ಇವರೂ ಬೇಡ ಎಂದು ಕೈ ಆಡಿಸಿದರು. ಬಿಸಿಗಾಳಿಗೆ ಬಾಗಿಲು ತೆರೆದಿಟ್ಟಿದ್ದೆ. ಮೆಷಿನ್ನಿನ ಸದ್ದು ನಿಂತದ್ದು ಕೇಳಿ ಶಮೀಮ್ ಮೆಟ್ಟಿಲು ಹತ್ತಿ ಬಂದಳು. ಇವರ ಮುಖ ನೋಡಿ, ತಂತಿ ಕಿತ್ತು ನಮ್ಮ ಮನೆಗೆ ಸೇರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಗಂಡನನ್ನು ಕೊಂದು ನ್ಯಾಯ ಹಂಚುತ್ತೀಯಾ?" ಎಂದಳು.

ಮರುದಿನ ಗಲ್ಲಿಯ ಹೆಂಗಸರೆಲ್ಲ ನಮ್ಮ ಮೆಟ್ಟಿಲ ಮೇಲೆ ಕೂತರು. ಗುಲ್‌ಮೀನಾ ಹಸಿಮೈಯಲ್ಲೇ ಮಗು ಎತ್ತಿಕೊಂಡು ಬಂದಿದ್ದಳು. ಎಲ್ಲರಿಗಿಂತ ಜೋರಾಗಿ ನನ್ನನ್ನು ಬೈದವಳು ಅವಳೇ. ಫ್ಯಾನಿಗೆ ಸರದಿ, ದೀಪಕ್ಕೆ ಸರದಿ, ಉಸಿರಿಗೆ ಸರದಿ ಇಲ್ಲ ಎಂದು ತೀರ್ಮಾನ ಮಾಡಿದರು. ಇನ್ನು ಮುಂದೆ ಇವರ ಮೆಷಿನ್ ಸರದಿಯ ಲೆಕ್ಕದಿಂದ ಹೊರಗೆ.

ಇದನ್ನೆಲ್ಲ ನಿನಗಲ್ಲದೆ ಯಾರಿಗೆ ಬರೆಯಲಿ. ಬೈಯಲಿಕ್ಕಾದರೂ ಬರೆ.

ಜಾಕಿಯಾ


ಗುತ್ತಲು, ಮಂಡ್ಯ
೧೫ ಸೆಪ್ಟೆಂಬರ್ ೨೦೨೪

ಜಾಕಿಯಾ,

ನಿನ್ನ ಮೇ ತಿಂಗಳ ಕಾಗದ ತಲುಪಿತ್ತು. ಕಾಗದದ ಬೆನ್ನಿಗೇ ಪೊಲೀಸರೂ ಬಂದರು.

ನಮ್ಮ ಸ್ವರೂಪನಿಗೆ ಸರ್ಕಾರಿ ಕೆಲಸ ಆಗುವುದರಲ್ಲಿತ್ತು. ಅದಕ್ಕೆ ವಿಚಾರಣೆಗೆಂದು ಕಾನ್‌ಸ್ಟೇಬಲ್ ಒಬ್ಬರು ಬಂದಿದ್ದರು. ಈ ಮನೆಗೆ ಪಾಕಿಸ್ತಾನದಿಂದ ಕಾಗದ ಬರುತ್ತದೆ ಎಂದು ಬೀದಿಯಲ್ಲಿ ಯಾರೋ ಕಿವಿಗೆ ಹಾಕಿದ್ದಾರೆ. ಮಗ ಹೆದರಿ ಬಿಳುಚಿಕೊಂಡ. ಅವರು ಹೋದ ಮೇಲೆ, "ಆರ್ಡರ್ ಕೈಗೆ ಬರೋಗಂಟ ಬರೀಬ್ಯಾಡ ಕಣಮ್ಮ, ನಿನ್ ಕಾಲಿಗ್ ಬೀಳ್ತೀನಿ" ಎಂದ. ಹೆತ್ತವಳು ಏನು ಮಾಡಲಿ. ಸುಮ್ಮನಾದೆ. ಸುಮ್ಮನಿದ್ದ ಒಂದೊಂದು ದಿನವೂ ನಿನ್ನ ಮುಖ ಕಾಣುತ್ತಿತ್ತು.

ಆದರೆ ಆ ಕಾನ್‌ಸ್ಟೇಬಲ್ಲಿನ ವಿಷಯ ಕೇಳು. ನಿನ್ನ ಕಾಗದ ಕೇಳಿ ಇಸಿದುಕೊಂಡು ಸೋಫಾದ ಮೇಲೆ ಕೂತು ಓದಿದರು. ಓದುತ್ತಾ ಓದುತ್ತಾ ಟೋಪಿ ತೆಗೆದು ಪಕ್ಕದಲ್ಲಿಟ್ಟರು. "ನಮ್ದು ಮಳವಳ್ಳಿ ತಾಲೂಕು ಕಣಮ್ಮ, ನಾಲೆ ಕೊನೆ ಭಾಗ. ನಮ್ ಗದ್ದೆಗೆ ಮೊದ್ಲು ನೀರ್ ಬುಟ್ಟೋನ ನಾನಿನ್ನೂ ಕಂಡಿಲ್ಲ. ಈ ಯಮ್ಮ ನಮ್ ನಾಲೆಗೆ ಸೌಡಿ ಆಗ್ಬೇಕಾಗಿತ್ತು" ಎಂದರು. ಕಾಫಿ ಕುಡಿದು, ವರದಿಯಲ್ಲಿ ಬರೆಯುವಂಥದ್ದು ಏನೂ ಇಲ್ಲ ಎಂದು ಹೋದರು. ಮಗನಿಗೆ ಹೋದ ವಾರ ಆರ್ಡರ್ ಬಂತು. ಈಗ ಬರೆಯುತ್ತಿದ್ದೇನೆ.

ಇನ್ನೊಂದು ಹೇಳಬೇಕು. ನಾನು ನಿನಗೆ ಅರ್ಧ ಮಾತು ಬರೆದಿದ್ದೆ. ನಾಲೆಗೆ ನೀರು ಬಂದ ಕೂಡಲೇ ಅಪ್ಪ ಮೊದಲು ಜನ ದನ ಕುಡಿಯುವ ಕಟ್ಟೆ ತುಂಬಿಸುತ್ತಿದ್ದ. ಆಮೇಲೆ ಗದ್ದೆಯ ಸರದಿ. "ಕುಡಿಯೋ ನೀರ್ಗೆ ಸರ್ದಿ ಇಲ್ಲ ಕಣವ್ವ" ಎನ್ನುತ್ತಿದ್ದ. ನಿನ್ನ ಮನೆಯ ಸರದಿ ಎಲ್ಲರದೂ ಆದ ಮೇಲೆ ಎಂದು ನೀನು ಬರೆದದ್ದನ್ನು ಓದಿದ ಗಳಿಗೆಯಲ್ಲೇ ಅದು ನೆನಪಾಯಿತು. ಅವತ್ತೇ ಬರೆದೆ. ಅಷ್ಟರಲ್ಲಿ ಪೊಲೀಸರು ಬಂದರು, ಕಾಗದ ಬೀರುವಿನಲ್ಲೇ ಉಳಿಯಿತು. ಅದು ಇಲ್ಲಿ ಸೀರೆಗಳ ಕೆಳಗೆ ಮಲಗಿದ್ದಾಗ ಮುನೀರಣ್ಣ ಅಲ್ಲಿ ಉಸಿರಿಗೆ ಒದ್ದಾಡಿದರು. ನನ್ನನ್ನು ಕ್ಷಮಿಸು ಎಂದು ಕೇಳಲೂ ಬಾಯಿ ಬರುವುದಿಲ್ಲ.

ನಿನ್ನ ಗಲ್ಲಿಯ ಹೆಂಗಸರು ನಾಲೆ ಕಂಡವರಲ್ಲ, ಸೌಡಿಯನ್ನು ಕಂಡವರಲ್ಲ. ನನ್ನ ಕಾಗದಕ್ಕೆ ಕಾಯದೆ ಅಪ್ಪನ ಆ ಮಾತನ್ನು ತಾವೇ ಕಂಡುಕೊಂಡರಲ್ಲ. ನನಗೆ ಅವರ ಮೇಲೆ ಎಷ್ಟು ಗೌರವ ಬಂದಿದೆಯೆಂದರೆ, ಶಮೀಮ್ ಎದುರಿಗಿದ್ದರೆ ಅವಳ ಕೈ ಹಿಡಿದುಕೊಂ‌ಡು ಕೂತಿರುತ್ತಿದ್ದೆ. ನಮ್ಮ ಬಿಲ್ಲು ಈಗಲೂ ಸೊನ್ನೆ. ಪಕ್ಕದ ಮನೆಯವಳ ಹೆಸರು ಮಾತ್ರ ನನಗೆ ಇನ್ನೂ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಹೋಗಿ ಕೇಳಿಕೊಂಡು ಬಂದೆ. ಕವಿತ ಎಂದಂತೆ. ಪೊಲೀಸರಿಗೆ ಹೇಳಿದವಳು ಅವಳೇ ಇರಬಹುದು. ಇರಲಿ, ಕಾಫಿ ಚೆನ್ನಾಗಿ ಮಾಡುತ್ತಾಳೆ.

ವೀಣ


ಲಾಂಢಿ, ಕರಾಚಿ
೬ ಜುಲೈ ೨೦೨೫

ವೀಣಾ,

ಎರಡು ದೇಶಗಳ ನಡುವೆ ಅಂಚೆಯನ್ನೇ ನಿಲ್ಲಿಸಿದ್ದಾರೆ. ನಯಾಜನ ಮಗ ಸಾಹಿಲ್ ದುಬೈಯಲ್ಲಿದ್ದಾನಲ್ಲ, ನಮ್ಮ ಗಲ್ಲಿಯವರೊಬ್ಬರು ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಅಲ್ಲಿಂದ ಸಾಹಿಲ್ ನಿನಗೆ ಕಳಿಸುತ್ತಾನೆ. ನಿನ್ನನ್ನು ಯಾವತ್ತೋ ಕ್ಷಮಿಸಿ ಕಾಗದ ಹಾಕಿದ್ದೆ. ಅದು ತಲುಪಿತ್ತು ಎಂದುಕೊಂಡಿದ್ದೇನೆ.

ಇವರು ಹೋದರು. ಹೋದ ತಿಂಗಳು, ಒಂದು ಶುಕ್ರವಾರ ಮಧ್ಯಾಹ್ನ.

ಗಲ್ಲಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನವಾಗಿತ್ತು. ಆಕಾಶಕ್ಕೆ ಧೂಳು ಕವಿದು ಬಿಸಿಲು ಮಂಕಾಗಿತ್ತು, ಸೆಕೆ ಮಾತ್ರ ಕಡಿಮೆಯಾಗಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಒಬ್ಬೊಬ್ಬರೇ ತಮ್ಮ ಮನೆಯ ಬ್ಯಾಟರಿ ಹೊತ್ತು ನಮ್ಮ ಮೆಟ್ಟಿಲು ಹತ್ತಿದರು. ಶಮೀಮಳ ಮಗ ಎರಡು ಸಲ ಹತ್ತಿದ. ಪ್ಯಾನೆಲ್ಲಿನಿಂದ ಬರುತ್ತಿದ್ದ ಅಷ್ಟಿಷ್ಟನ್ನೂ ಎಲ್ಲರೂ ಇತ್ತಲೇ ತಿರುಗಿಸಿದರು. ಯಾರ ಮನೆಯಲ್ಲೂ ಫ್ಯಾನ್ ತಿರುಗಲಿಲ್ಲ. ಗುಲ್‌ಮೀನಾ ಮಗುವನ್ನು ಮೆಟ್ಟಿಲ ಮೇಲೆ ಮಲಗಿಸಿ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಳು, ಮಗುವಿನ ಮೈತುಂಬ ಬೆವರುಸಾಲೆ. ಮಗುವಿಗಾದರೂ ಫ್ಯಾನ್ ಹಾಕಿಕೋ ಎಂದೆ. ಕೇಳಿಸದವಳ ಹಾಗೆ ಕೂತಳು.

ಇವರಿಗೆ ಗೊತ್ತಾಗಿತ್ತು. "ಗಲ್ಲಿ ಯಾಕೆ ಇಷ್ಟು ಸುಮ್ಮನಿದೆ?" ಎಂದು ಕೇಳಿದರು. ಎಲ್ಲರೂ ಮಲಗಿದ್ದಾರೆ ಎಂದೆ. ನಕ್ಕರು. ಜುಮ್ಮಾ ನಮಾಜು ಮುಗಿಸಿ ಗಂಡಸರು ವಾಪಸು ಬರುವ ಹೊತ್ತಿಗೆ, ನನ್ನ ಕೈಯಲ್ಲಿದ್ದ ಇವರ ಕೈ ಸಡಿಲವಾಯಿತು. ಮೆಷಿನ್ ಓಡುತ್ತಲೇ ಇತ್ತು.

ಕರೆಂಟಿತ್ತು ಕಣೆ. ಕರೆಂಟಿಲ್ಲದೆ ಸತ್ತ ಎಂದು ನಿಮ್ಮ ಕಡೆಯವರಾಗಲೀ ನಮ್ಮ ಕಡೆಯವರಾಗಲೀ ಹೇಳುವಂತಿಲ್ಲ. ಯಾರಾದರೂ ಹೇಳಿದರೆ ನೀನು ಎದ್ದು ನಿಂತು ಹೇಳು, ಜಾಕಿಯಾಳ ಗಂಡನಿಗೆ ಕೊನೆಯ ಉಸಿರಿನವರೆಗೂ ಕರೆಂಟಿತ್ತು, ಅದನ್ನು ಕೊಟ್ಟವರು ಸೆಕೆಯಲ್ಲಿ ಬೇಯುತ್ತಾ ಕೂತಿದ್ದರು ಎಂದು.

ಕೋಣೆಯ ತುಂಬ ಹೆಂಗಸರಿದ್ದರು. ಇವರು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು, ಮೆಷಿನ್ ಆರಿಸಲು ಮಾತ್ರ ಯಾರೂ ಕೈ ಮುಂದೆ ಮಾಡಲಿಲ್ಲ. ನಾನೇ ಎದ್ದು ಆರಿಸಿದೆ. ಆಗಲೂ ನಾನು ಅಳಲಿಲ್ಲ. ಶಮೀಮ್ ಬಗ್ಗಿ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಅವರವರ ಮನೆಗೆ ತಿರುಗಿಸಿದಳು. ಕೆಳಗೆ ಒಂದು ಫ್ಯಾನ್ ತಿರುಗಲು ಶುರುವಾಯಿತು. ಆಮೇಲೆ ಪಕ್ಕದ ಮನೆಯದು, ಎದುರು ಮನೆಯದು. ಮೂರು ದಿನದಿಂದ ಇಲ್ಲದ ಆ ಸದ್ದು ಗಲ್ಲಿಯ ಉದ್ದಕ್ಕೂ ಒಂದೊಂದೇ ಮನೆಯಿಂದ ಬಂತು. ಆಗ ನಾನು ಅತ್ತುಬಿಟ್ಟೆ ವೀಣಾ.

ನಿನ್ನ,
ಜಾಕಿಯಾ